ಹೊಳೆದಂಡೆಯ ಮನೆಗೆ ಕೂಸು ಬರುವ ಮುಂಚೆ: ಮಕ್ಕಳ ವೈದ್ಯೆಯ ಉತ್ತರ

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲಾದಾಗ ಕೃಷ್ಣಾ ಹೊಳಿ ದಂಡಿ ಊರು. ಮಾವನವರ ಕಾಲದಿಂದ್ಲೂ ಮೀನ ಹಿಡಿಯೋದೇ ನಮ್ಮ ಉದ್ಯೋಗ. ಮನ್ಯಾಗ ನಮ್ಮತ್ತಿ, ನಾವು ಗಂಡ ಹೆಂಡ್ತಿ, ಇಬ್ಬರು ಗಂಡುಮಕ್ಕಳು, ದೊಡ್ಡ ಸೊಸಿ, ಆಕಿನ ನಾಕ ವರ್ಷದ ಮಗ ಅದೀವಿ. ಸಣ್ಣ ಸೊಸಿ ಜೇವರ್ಗಿ ಕಡಿ ತವರಮನ್ಯಾಗ ಹಡದಾಳ. ಹೆಣ್ಣ ಕೂಸು, ಎರಡೂವರಿ ತಿಂಗಳದು. ಕಾರಹುಣ್ಣಿಮಿ ಒಳಗ ಕರ್ಕೊಂಡು ಬರ್ತೀವಿ. ಬಾಣಂತಿ ಮೀನ ತಿಂದ್ರ ಹಾಲಿಗಿ ನಂಜ ಆಗ್ತದ, ಐದ ತಿಂಗಳ ಮುಟ್ಟಬಾರದು ಅಂತಾರ ಅತ್ತಿ. ಮಾವನವರ ಹಳಿ ಬೀಸುಬಲಿ ಅದ, ಅದರಾಗೇ ಜೋಳಿಗಿ ಕಟ್ಟಿ ಕೂಸಿನ ತೂಗಬೇಕಂತ ಅವರ ಆಸಿ. ಆಮ್ಯಾಲ ಹರಿಗೋಲಿನ್ಯಾಗ ನಡುಹೊಳಿಗಿ ಒಯ್ದು ಗಂಗವ್ವಗ ತೋರಿಸಬೇಕಂತ. ಸೊಸಿ ಮೊದಲಿನಂಗ ಶಹಾಪುರಕ್ಕ ಮೀನ ಮಾರಾಕ ಯಾವಾಗ ಹೋಗಬಹುದು? ಮನಿತುಂಬ ಮಂದಿ ಅದೀವಿ, ಕೂಸಿಗಿ ಏನೂ ಕಮ್ಮಿ ಆಗಬಾರದು ನೋಡ್ರಿ.

ಉತ್ತರ:

ಅಕ್ಕಾ, ಮೊಮ್ಮಗಳು ಬಂದಿದ್ದಕ್ಕೆ ಮೊದಲು ನಿಮ್ಮ ಮನೆಯವರಿಗೆಲ್ಲ ಶುಭಾಶಯ. ನಾಲ್ಕು ತಲೆಮಾರು ಒಂದೇ ಸೂರಿನಡಿ ಇರುವ ಮನೆ ಈಗ ಅಪರೂಪ. ಬಾಣಂತಿಗೆ ಎರಡು ತಾಸು ನೆಮ್ಮದಿಯ ನಿದ್ದೆ ಸಿಗುವುದು ಇಂಥ ಮನೆಯಲ್ಲೇ. ಆದರೆ ‘ಮನಿತುಂಬ ಮಂದಿ ಅದೀವಿ’ ಎಂಬ ನಿಮ್ಮ ಮಾತೇ ನನ್ನನ್ನು ಸ್ವಲ್ಪ ಚಿಂತೆಗೆ ಹಚ್ಚಿತು. ಯಾಕೆಂದು ಮುಂದೆ ಹೇಳುತ್ತೇನೆ. ಮನೆಯಲ್ಲಿ ಈಗಾಗಲೇ ವಾದ ನಡೆದಿರುವುದು ಮೀನಿನ ವಿಷಯಕ್ಕೆ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಸೊಸೆ ಮೀನು ತಿನ್ನಬಹುದು. ಇವತ್ತೇ ತಿನ್ನಬಹುದು. ತಾಯಿ ಮೀನು ತಿಂದರೆ ಹಾಲು ಕೆಡುವುದಿಲ್ಲ, ಕೂಸಿಗೆ ನಂಜಾಗುವುದಿಲ್ಲ, ಹೆರಿಗೆಯ ಹೊಲಿಗೆಯೂ ಪಸೆ ಬಿಡುವುದಿಲ್ಲ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿಯಷ್ಟು ಹೆಚ್ಚಿನ ಊಟ ಬೇಕು, ಪ್ರೋಟೀನ್ ಸುಮಾರು 17 ಗ್ರಾಂ ಹೆಚ್ಚು ಬೇಕು. ಒಂದು ಅಂಗೈಯಷ್ಟು, ಅಂದರೆ 100 ಗ್ರಾಂ ರೋಹು ಅಥವಾ ಕಾಟ್ಲಾ ಮೀನಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ಇರುತ್ತದೆ. ಅದರ ಜೊತೆಗೆ ವಿಟಮಿನ್ ಬಿ12 ಸಿಗುತ್ತದೆ, ಕೂಸಿನ ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೆ ಬೇಕಾದ ಒಮೆಗಾ-3 ಕೊಬ್ಬು ತಾಯಿಯ ಹಾಲಿನ ಮೂಲಕ ಹೋಗುತ್ತದೆ. ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನಾದರೆ ಸುಣ್ಣದಂಶ ಬೇರೆ. ಹೊಳೆಸಾಲಿನ ಊರುಗಳಿಂದ ಬರುವ ಬಾಣಂತಿಯರ ಕಣ್ಣುರೆಪ್ಪೆ ಎಳೆದು ನೋಡಿದರೆ ಎಷ್ಟೋ ಸಲ ಬಿಳಿಚಿಕೊಂಡಿರುತ್ತದೆ, ಅಂದರೆ ರಕ್ತ ಕಡಿಮೆ. ಮನೆಯಲ್ಲಿ ಬುಟ್ಟಿಗಟ್ಟಲೆ ಮೀನು, ಬಾಣಂತಿಯ ತಟ್ಟೆಯಲ್ಲಿ ಮಾತ್ರ ಬೆಳ್ಳುಳ್ಳಿ ಸಾರು, ರೊಟ್ಟಿ. ಇದನ್ನು ನೋಡಿ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಹಾಗಂತ ನಿಮ್ಮ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಐಸು, ಫ್ರಿಜ್ಜು ಇಲ್ಲದ ಕಾಲದಲ್ಲಿ, ಬೇಸಿಗೆಯಲ್ಲಿ, ಮುಂಜಾನೆ ಹಿಡಿದ ಮೀನು ಸಂಜೆಗೆ ಕೆಡುತ್ತಿತ್ತು. ಅದನ್ನು ತಿಂದ ಬಾಣಂತಿಗೆ ವಾಂತಿ ಭೇದಿಯಾಗಿದ್ದನ್ನು ಅವರು ಕಣ್ಣಾರೆ ಕಂಡಿರಬಹುದು. ಆದ್ದರಿಂದ ಅವರಿಗೆ ಹೀಗೆ ಹೇಳಿ: ಅವತ್ತೇ ಹಿಡಿದ ಮೀನು, ಅವತ್ತೇ ಚೆನ್ನಾಗಿ ಬೇಯಿಸಿ ಕೊಡುತ್ತೇವೆ, ಮಾರಿ ಉಳಿದಿದ್ದನ್ನು ಬಾಣಂತಿಗೆ ಹಾಕುವುದಿಲ್ಲ. ಬಲೆಯಿಂದ ಬಿಡಿಸಿದ ಮೊದಲ ಮೀನು ಸೊಸೆಯ ಪಾಲಿಗೆ ಎಂದು ಅತ್ತೆಯೇ ಎತ್ತಿಡಲಿ. ಬಹಳ ದೊಡ್ಡ ಬಾಳೆಮೀನಿನಂಥ, ಬೇರೆ ಮೀನು ತಿಂದು ಬೆಳೆಯುವ ಮೀನುಗಳಲ್ಲಿ ಪಾದರಸ ಕೂಡಿಕೊಳ್ಳುವ ಸಂಭವ ಹೆಚ್ಚು. ಅವನ್ನು ಮಾರಲಿಕ್ಕೆ ಬಿಡಿ, ಸಣ್ಣದು ಮತ್ತು ಮಧ್ಯಮ ಗಾತ್ರದ್ದು ಮನೆಗಿರಲಿ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಯಾವಾಗಾದರೊಮ್ಮೆ ತೊಳೆದು ಹಾಕಿದರೆ ಸಾಕು. ಇನ್ನೊಂದು ಮಾತು, ಇದು ಬಾಣಂತಿಗಷ್ಟೇ ಅಲ್ಲ, ಎಲ್ಲರಿಗೂ: ರೋಹು, ಕಾಟ್ಲಾ ಮೀನಿನ ಪಿತ್ತವನ್ನು ಔಷಧಿ ಎಂದು ಯಾರೂ ನುಂಗಬಾರದು. ಅದು ವಿಷ. ಅದರಿಂದ ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದವರಿದ್ದಾರೆ.

ತವರಿನ ಅಂಟಿನುಂಡೆ, ಅಳವಿ ಪಾಯಸ, ಸಬ್ಬಸಗಿ ಪಲ್ಯ ಎಲ್ಲ ಮುಂದುವರಿಯಲಿ. ಮೀನು ಅವುಗಳ ಬದಲಿಗಲ್ಲ, ಜೊತೆಗೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಹೆರಿಗೆಯಾದ ಮೇಲೆ 180 ದಿನ ನುಂಗಬೇಕು. ಇಷ್ಟೊತ್ತಿಗೆ ಎಷ್ಟೋ ಜನ ಬಿಟ್ಟಿರುತ್ತಾರೆ, ಕೇಳಿ ನೋಡಿ. ನಿಮ್ಮ ಊರಿನ ಅಂಗನವಾಡಿಯಲ್ಲಿ ಸೊಸೆಯ ಹೆಸರು ಬರೆಸಿದರೆ ಮಾತೃಪೂರ್ಣ ಯೋಜನೆಯ ಬಿಸಿಯೂಟವೂ ಸಿಗುತ್ತದೆ.

ಇನ್ನು ಬಲೆ. ಈ ಭಾಗವನ್ನು ದಯವಿಟ್ಟು ನಿಮ್ಮ ಯಜಮಾನರಿಗೂ ಮಕ್ಕಳಿಗೂ ಓದಿ ಹೇಳಿ.

ಮಾವನವರ ಬಲೆಯಲ್ಲಿ ಕೂಸನ್ನು ತೂಗುವ ಆಸೆಯ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಎನ್ನಲೇಬೇಕು. ಒಂದು ಕಾರಣ ಎಲ್ಲರಿಗೂ ಹೊಳೆಯುವಂಥದ್ದು: ಬಲೆಯ ಕಣ್ಣಿಗೆ ಕೂಸಿನ ಬೆರಳು ಸಿಕ್ಕಿ ನೂಲು ಬಿಗಿದರೆ ರಕ್ತ ಓಡದೆ ಬೆರಳು ಕಪ್ಪಾಗುತ್ತದೆ, ಕುತ್ತಿಗೆಗೆ ಸಿಕ್ಕರೆ ಹೇಳುವುದೇ ಬೇಡ. ಇನ್ನೊಂದು ಕಾರಣ ಕಣ್ಣಿಗೆ ಕಾಣದ್ದು. ಬೀಸುಬಲೆಯ ಅಂಚಿಗೆ ಪೋಣಿಸಿರುವ ಗುಂಡುಗಳು ಸಾಮಾನ್ಯವಾಗಿ ಸೀಸದವು. ಸೀಸ ಮೆತ್ತಗಿನ ಲೋಹ. ಉಜ್ಜಿದಂತೆಲ್ಲ ಬೂದುಬಣ್ಣದ ಪುಡಿ ಬಿಡುತ್ತದೆ. ಆ ಪುಡಿ ಹಳೆಯ ಬಲೆಯ ನೂಲಿಗೂ ಹತ್ತಿರುತ್ತದೆ, ಬಲೆ ರಿಪೇರಿ ಮಾಡುವವರ ಕೈಗೂ ಹತ್ತಿರುತ್ತದೆ, ಬಲೆ ಹರಡಿದ ಪಡಸಾಲೆಯ ನೆಲಕ್ಕೂ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಹೆಚ್ಚಿನ ಪಾಲು ಹಾಗೇ ಹೊರಗೆ ಹೋಗುತ್ತದೆ. ಸಣ್ಣ ಮಕ್ಕಳ ಮೈ ಅದನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ರಕ್ತ ಕಡಿಮೆಯಾಗುತ್ತದೆ, ಬುದ್ಧಿ ಬೆಳವಣಿಗೆ ಕುಂದುತ್ತದೆ, ಮುಂದೆ ಶಾಲೆಯಲ್ಲಿ ಒಂದು ಕಡೆ ಕೂತು ಕಲಿಯುವುದು ಕಷ್ಟವಾಗುತ್ತದೆ. ಇಷ್ಟು ಸೀಸ ಮೈಯಲ್ಲಿದ್ದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಗಿನಿಂದ ನೋಡಿದರೆ ಕೂಸು ಆಡಿಕೊಂಡೇ ಇರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಗುಂಡುಗಳನ್ನು ಕೊಂಡು ತರುತ್ತೀರೋ, ಹಳೆಯ ಸೀಸ ಕರಗಿಸಿ ಎರಕ ಹೊಯ್ಯುತ್ತೀರೋ ನೀವು ಬರೆದಿಲ್ಲ. ಕರಗಿಸುವ ರೂಢಿಯಿದ್ದರೆ ಅದನ್ನು ಇವತ್ತಿಗೇ ನಿಲ್ಲಿಸಬೇಕು. ಅಡುಗೆ ಒಲೆಯ ಮೇಲಂತೂ ಖಂಡಿತ ಬೇಡ. ಆ ಹೊಗೆ ಕೂಸಿಗೂ ವಿಷ, ಹಾಲೂಡಿಸುವ ತಾಯಿಗೂ ವಿಷ. ತಾಯಿಯ ಮೂಳೆಯಲ್ಲಿ ಸೇರಿದ ಸೀಸ ಹಾಲಿಗೂ ಇಳಿಯುತ್ತದೆ. ಗುಂಡನ್ನು ಹಲ್ಲಿನಿಂದ ಕಚ್ಚಿ ಮುಚ್ಚುವ ಅಭ್ಯಾಸ ನಿಮ್ಮ ಗಂಡುಮಕ್ಕಳಿಗಿದ್ದರೆ ಇಕ್ಕಳ ಕೊಡಿಸಿ. ಬಲೆ, ಗಾಳ, ಗುಂಡು ಎಲ್ಲ ಮನೆಯ ಹೊರಗೆ, ಎತ್ತರದಲ್ಲಿ, ಒಂದೇ ಜಾಗದಲ್ಲಿ ಇರಲಿ. ಬಲೆ ಮುಟ್ಟಿದವರು ಸೋಪಿನಿಂದ ಕೈ ತೊಳೆದು, ಅಂಗಿ ಬದಲಿಸಿ, ಆಮೇಲೆ ಕೂಸನ್ನು ಎತ್ತಿಕೊಳ್ಳಲಿ. ಬಲೆ ಬಿಚ್ಚುತ್ತಿದ್ದ ಪಡಸಾಲೆಯನ್ನು ಸೊಸೆ ಬರುವ ಮುಂಚೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ಒಣ ಕಸಬರಿಗೆ ಆಡಿಸಿದರೆ ಪುಡಿ ಗಾಳಿಗೆ ಏಳುತ್ತದೆ. ಮುಂದಿನ ಸಲ ಬಲೆ ಕಟ್ಟುವಾಗ ಸೀಸದ ಬದಲು ಕಬ್ಬಿಣದ ಗುಂಡು ಅಥವಾ ಸರಪಳಿ ಹಾಕಲು ಬರುತ್ತದೆಯೇ, ನಿಮ್ಮ ಯಜಮಾನರು ವಿಚಾರ ಮಾಡಲಿ. ಬಲೆ ಬೀಳುವ ರೀತಿ ಅವರಿಗೆ ನನಗಿಂತ ಗೊತ್ತು. ಕಾಡಿಗೆಯಲ್ಲೂ ಎಷ್ಟೋ ಸಲ ಸೀಸ ಇರುತ್ತದೆ, ಕೂಸಿನ ಕಣ್ಣಿಗೆ ಹಚ್ಚಬೇಡಿ. ದೃಷ್ಟಿಬೊಟ್ಟು ಬೇಕೇ ಬೇಕು ಅಂದರೆ ಅಂಗಾಲಿಗೆ ಒಂದು ಚುಕ್ಕೆ ಇಟ್ಟು ಸುಮ್ಮನಾಗಿ.

ಜೋಳಿಗೆಗೆ ಆಯಿಯ, ಅಂದರೆ ನಿಮ್ಮ ಅತ್ತೆಯವರ, ಹಳೆಯ ನೂಲಿನ ಸೀರೆ ಇದೆಯಲ್ಲ, ಅದನ್ನು ಕಟ್ಟಿ. ಮಾವನವರ ನೆನಪಿಗೆ ಅವರ ಬಲೆಯನ್ನು ಹರಿಗೋಲಿನ ಜೊತೆಗೇ ಪೂಜೆಗೆ ಇಡಬಹುದು. ಕೂಸು ಗಾಢ ನಿದ್ದೆಗೆ ಹೋದ ಮೇಲೆ ಜೋಳಿಗೆಯಿಂದ ತೆಗೆದು ಸಮನಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಸೊಳ್ಳೆಪರದೆ ಮುಚ್ಚಿ. ಪಕ್ಕದಲ್ಲಿ ಬೀಡಿ ಸೇದುವವರು, ಕುಡಿದವರು ಮಲಗಬಾರದು. ಮಳೆಗಾಲದ ಥಂಡಿಗೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಗೆ ಇಡುವುದು ಅಪಾಯ. ಇದ್ದಲಿನ ವಿಷಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಲೋಬಾನದ ಹೊಗೆಯೂ ಕೂಸಿನ ಎದೆಗೆ ಒಳ್ಳೆಯದಲ್ಲ.

ಬಿಸಿಲಿನ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮ ಕಡೆ ಮುಂಗಾರು ಕೂರುವವರೆಗೆ ಸೆಕೆ ಬಿಡುವುದಿಲ್ಲ. ಎಷ್ಟೇ ಸೆಕೆಯಿರಲಿ, ಆರು ತಿಂಗಳು ತುಂಬುವವರೆಗೆ ಕೂಸಿಗೆ ನೀರು ಬೇಡ. ಜೇನು, ಬಜೆ, ಘುಟ್ಟಿ ಯಾವುದೂ ಬೇಡ. ಜೇನು ವರ್ಷ ತುಂಬುವವರೆಗೂ ಬೇಡ. ತಾಯಿಯ ಹಾಲಿನಲ್ಲಿ ಬೇಕಾದಷ್ಟು ನೀರಿದೆ, ಸೆಕೆಯ ದಿನ ಇನ್ನೆರಡು ಸಲ ಹೆಚ್ಚು ಕುಡಿಸಿದರಾಯಿತು. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಿರಿ. ಕುಲಾಯಿ, ಕುಂಚಿಗೆ ಹಾಕಿ ಬಿಗಿದು ಸುತ್ತುವುದು ಈ ಸೆಕೆಯಲ್ಲಿ ಬೇಡ. ನೀರು, ಮಜ್ಜಿಗೆ, ಅಂಬಲಿ ಕುಡಿಯಬೇಕಾದವಳು ತಾಯಿ.

ಈಗ ಮನೆತುಂಬ ಮಂದಿಯ ಮಾತಿಗೆ ಬರುತ್ತೇನೆ.

ಬಾಂಗ್ಲಾದೇಶವೂ ಹೊಳೆ ಕೆರೆಗಳ ನಾಡು, ಅಲ್ಲಿಯೂ ಕೂಡು ಕುಟುಂಬಗಳೇ. ಅಲ್ಲಿ ಸಣ್ಣ ಮಕ್ಕಳು ನೀರಿಗೆ ಬಿದ್ದು ಸಾಯುವುದು ಹೆಚ್ಚಾಗಿ ಯಾವ ಹೊತ್ತಿಗೆ ಎಂದು ಸಂಶೋಧಕರು ಹುಡುಕಿದರು. ಕತ್ತಲಲ್ಲಿ ಅಲ್ಲ, ಪ್ರವಾಹದಲ್ಲೂ ಅಲ್ಲ. ಮುಂಜಾನೆ 9ರಿಂದ ಮಧ್ಯಾಹ್ನ 1 ಗಂಟೆಯೊಳಗೆ, ಮನೆಯ ಹತ್ತಿರದ ನೀರಿನಲ್ಲೇ. ದೊಡ್ಡವರೆಲ್ಲ ಕೆಲಸದಲ್ಲಿ ಮುಳುಗಿರುವ ಹೊತ್ತು ಅದು. ನಿಮ್ಮ ಮನೆಯ ಮುಂಜಾನೆಯನ್ನು ಒಮ್ಮೆ ನೆನೆಸಿಕೊಳ್ಳಿ. ರಾತ್ರಿ ಬಲೆ ಬಿಟ್ಟು ಬಂದ ಗಂಡಸರು ಮಲಗಿರುತ್ತಾರೆ. ನೀವು, ದೊಡ್ಡ ಸೊಸೆ ಮೀನು ಹೊತ್ತು ಶಹಾಪುರಕ್ಕೆ ಹೋಗಿರುತ್ತೀರಿ. ಮನೆಯಲ್ಲಿ ಜನರಿದ್ದಾರೆ, ಆದರೆ ಎಚ್ಚರವಾಗಿದ್ದು ಮಕ್ಕಳ ಬೆನ್ನು ಹತ್ತಿ ಓಡುವವರು ಯಾರು? ಆಯಿ ನೋಡ್ತಾಳೆ ಎಂದು ಗಂಡಸರು, ಗಂಡಸರು ಅದಾರಲ್ಲ ಎಂದು ನೀವು.

ಅಕ್ಕಾ, ನೀವು ಕೂಸಿನ ಬಗ್ಗೆ ಕೇಳಿದ್ದೀರಿ, ಆದರೆ ಇವತ್ತು ಆ ಮನೆಯಲ್ಲಿ ಹೆಚ್ಚು ಅಪಾಯದಲ್ಲಿರುವುದು ನಿಮ್ಮ ನಾಲ್ಕು ವರ್ಷದ ಮೊಮ್ಮಗ. ಜಗತ್ತಿನಾದ್ಯಂತ ನೀರಿಗೆ ಬಿದ್ದು ಸಾಯುವವರ ಪ್ರಮಾಣ ಅತಿ ಹೆಚ್ಚಿರುವುದು 1ರಿಂದ 4 ವರ್ಷದ ಮಕ್ಕಳಲ್ಲಿ. ಹೊಸ ಕೂಸು ಬಂದ ವಾರಗಳಲ್ಲಿ ಎಲ್ಲರ ಕಣ್ಣು ತೊಟ್ಟಿಲ ಕಡೆಗಿರುತ್ತದೆ. ಅವನು ಬೇಸರದಿಂದಲೋ, ಹಟದಿಂದಲೋ ಹೊರಗೆ ಜಾರುತ್ತಾನೆ. ಮುಂಜಾನೆಯ ಹೊತ್ತು ಅವನನ್ನು ತಪ್ಪದೆ ಅಂಗನವಾಡಿಗೆ ಕಳಿಸಿ. ಅದೇ ಬಾಂಗ್ಲಾದೇಶದಲ್ಲಿ ಮುಂಜಾನೆ ಮಕ್ಕಳನ್ನು ಒಂದೆಡೆ ಕೂರಿಸಿ ನೋಡಿಕೊಳ್ಳುವ ಮನೆಗಳು ಶುರುವಾದ ಮೇಲೆ ಅಲ್ಲಿಗೆ ಹೋಗುವ ಮಕ್ಕಳ ಸಾವು ಬಹಳ ಇಳಿಯಿತು. ಅವನು ಮನೆಗೆ ಬಂದಾಗ ಕೂಸಿನ ಬಟ್ಟೆ ತಂದುಕೊಡು, ಜೋಳಿಗೆ ಮೆಲ್ಲಗೆ ತೂಗು ಎಂದು ಕೆಲಸ ಹಚ್ಚಿ. ಅವನ ಅವ್ವ ದಿನಕ್ಕೊಮ್ಮೆ ಅವನೊಬ್ಬನನ್ನೇ ತೊಡೆಯ ಮೇಲೆ ಕೂರಿಸಿಕೊಳ್ಳಲಿ. ಹೊಟ್ಟೆಕಿಚ್ಚಿಗೆ ಇದಕ್ಕಿಂತ ದೊಡ್ಡ ಔಷಧಿ ನನಗೆ ಗೊತ್ತಿಲ್ಲ.

ಕೂಸು ಅಂಬೆಗಾಲಿಡುವುದು ಸುಮಾರು ಎಂಟನೇ ತಿಂಗಳಿಗೆ. ಆಗ ಅಭ್ಯಾಸ ಮಾಡೋಣ ಅನ್ನಬೇಡಿ, ಈಗಲೇ ಶುರುವಾಗಲಿ. ದಿನದ ಪ್ರತಿ ಹೊತ್ತಿಗೂ ಒಬ್ಬರ ಹೆಸರಿರಬೇಕು: ಇಂಥ ಹೊತ್ತಿನಲ್ಲಿ ಮಕ್ಕಳು ಇವರ ಜವಾಬ್ದಾರಿ. ಎದ್ದು ಹೋಗುವಾಗ ಬಾಯಿಬಿಟ್ಟು ಹೇಳಬೇಕು, ‘ಕೂಸು ಈಗ ನಿನ್ನ ಕಡಿಗಿ ಅದ’ ಎಂದು. ಎದುರಿನವರು ‘ಹ್ಞೂಂ’ ಅಂದ ಮೇಲೆಯೇ ಹೋಗಬೇಕು. ಹರಿಗೋಲಿನಲ್ಲಿ ಹುಟ್ಟು ಒಬ್ಬರಿಂದ ಇನ್ನೊಬ್ಬರ ಕೈಗೆ ದಾಟುವಾಗ ನಡುವೆ ಬಿಡುವುದಿಲ್ಲವಲ್ಲ, ಹಾಗೆ. ಆಯಿಯ ತೊಡೆ ಕೂಸಿಗೆ ಬೇಕೇ ಬೇಕು. ಎಣ್ಣೆ ಹಚ್ಚುವುದು, ಹಾಡುವುದು, ಮಾತಾಡಿಸುವುದು ಅವರ ಪಾಲಿಗೇ ಇರಲಿ. ಓಡುವ ಮಗುವನ್ನು ಮಾತ್ರ ಅವರೊಬ್ಬರಿಗೇ ಬಿಡಬೇಡಿ. ಹೊಳೆಯ ಕಡೆಯ ಬಾಗಿಲಿಗೆ, ಮಗು ಹತ್ತಲಾರದಷ್ಟು ಎತ್ತರದ ಬಿದಿರಿನ ತಟ್ಟಿ ಕಟ್ಟಿಸಿ. ಬಕೆಟ್ಟು ಬೋರಲು ಹಾಕಿ, ಡ್ರಮ್ಮಿಗೆ ಮುಚ್ಚಳ ಇರಲಿ. ಸಣ್ಣ ಕೂಸು ಮುಖ ಮುಳುಗುವಷ್ಟು ನೀರಲ್ಲೂ ಉಸಿರು ಕಳೆದುಕೊಳ್ಳುತ್ತದೆ.

ನೀರಿಗೆ ಬಿದ್ದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಕಡೆ ಇನ್ನೂ ನಡೆಯುತ್ತದೆ. ಅದರಿಂದ ಹೊತ್ತು ಹಾಳು. ಮಗು ಉಸಿರಾಡದಿದ್ದರೆ ಮೊದಲು ಬಾಯಿಂದ ಉಸಿರು ಊದಬೇಕು, ಆಮೇಲೆ ಎದೆ ಒತ್ತಬೇಕು. ಒಬ್ಬರು ಇದನ್ನು ಮಾಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಕೈಹಿಡಿದು ತೋರಿಸುತ್ತಾರೆ. ನಿಮ್ಮ ಇಬ್ಬರು ಗಂಡುಮಕ್ಕಳೂ ಕಲಿತಿರಲಿ, ದಿನಾ ಹೊಳೆಯಲ್ಲಿ ಇರುವವರು ಅವರೇ.

ಗಂಗವ್ವನ ಪೂಜೆ ಮಾಡಿ, ಹೊಳೆಯನ್ನೇ ನಂಬಿ ಬದುಕಿದ ಮನೆ ನಿಮ್ಮದು. ಆದರೆ ಪೂಜೆ ದಂಡೆಯ ಮೇಲಾಗಲಿ. ಮೂರು ತಿಂಗಳ ಕೂಸನ್ನು ಹರಿಗೋಲಿನಲ್ಲಿ ಒಯ್ಯಬೇಡಿ. ಎಷ್ಟೇ ನುರಿತ ಅಂಬಿಗನಿರಲಿ, ಅಷ್ಟು ಸಣ್ಣ ಕೂಸಿಗೆ ಹೊಂದುವ ಲೈಫ್ ಜಾಕೆಟ್ ನಿಮ್ಮ ಕೈಗೆ ಸಿಗುವುದಿಲ್ಲ. ಕೊಡದಲ್ಲಿ ಹೊಳೆಯ ನೀರು ತಂದು ಅಂಗಾಲಿಗೆ ಮುಟ್ಟಿಸಿ, ಬಾಯಿಗೆ ಬಿಡಬೇಡಿ. ನಡುಹೊಳೆಗೆ ಅವಳ ಅಪ್ಪ, ಮುತ್ಯಾ ಹೋಗಿ ಅವಳ ಹೆಸರಿನಲ್ಲಿ ಉಡಿ ತುಂಬಿ ಬರಲಿ. ಅವಳು ಆರೇಳು ವರ್ಷದವಳಾದಾಗ ಮೊದಲು ಈಜು ಕಲಿಸಿ, ಆಮೇಲೆ ಹರಿಗೋಲು ಹತ್ತಿಸಿ.

ಕಾರಹುಣ್ಣಿಮೆ ಕಳೆದರೆ ಹೊಳೆ ಯಾವಾಗ ಬರುತ್ತದೆಂದು ಹೇಳಲಾಗದು. ಬಸವಸಾಗರ ಅಣೆಕಟ್ಟಿನ ಗೇಟು ತೆರೆದಾಗ ಕೊಳ್ಳೂರು ಸೇತುವೆ ಮುಳುಗಿ ದಾರಿ ಬಂದಾಗುವುದು ನಿಮಗೆ ಗೊತ್ತೇ ಇದೆ. 2014ರಲ್ಲಿ ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬಳು ಮೈಗೆ ಸೋರೆಬುರುಡೆ ಕಟ್ಟಿಕೊಂಡು, ತುಂಬಿದ ಕೃಷ್ಣೆಯನ್ನು ಈಜಿ ದಾಟಿ ಬಂದಿದ್ದಳು. ಅವಳ ಎದೆಗಾರಿಕೆಗೆ ಕೈಮುಗಿಯಬೇಕು, ಆದರೆ ಯಾವ ತಾಯಿಗೂ ಆ ಗತಿ ಬರಬಾರದು. ಹೊಳೆ ಏರಿದರೆ ಯಾವ ರಸ್ತೆಯಿಂದ ಯಾವ ಆಸ್ಪತ್ರೆಗೆ, ಯಾರ ಗಾಡಿಯಲ್ಲಿ ಎಂಬುದನ್ನು ಮಳೆಗೆ ಮುಂಚೆಯೇ ಮಾತಾಡಿಟ್ಟುಕೊಳ್ಳಿ. ಕೂಸು ಹಾಲು ಬಿಟ್ಟರೆ, ಮಂಕಾದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ, ಪಕ್ಕೆ ಎಳೆದು ಉಸಿರಾಡಿದರೆ, ನಿಮಿಷಕ್ಕೆ 50 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ ಒಂದು ತಾಸೂ ಕಾಯಬೇಡಿ. ಬರೆ ಹಾಕಿಸುವ ಮಾತು ಯಾರೇ ತೆಗೆದರೂ ಕಿವಿಗೊಡಬೇಡಿ.

ಕೊನೆಗೆ ಮಾರಾಟದ ವಿಷಯ. ನನ್ನನ್ನು ಕೇಳಿದರೆ ಕೂಸಿಗೆ ಆರು ತಿಂಗಳು ತುಂಬುವವರೆಗೆ ಸೊಸೆ ಶಹಾಪುರಕ್ಕೆ ಹೋಗುವುದು ಬೇಡ. ಅಷ್ಟು ದಿನ ಅವಳ ಬುಟ್ಟಿ ನೀವೂ ದೊಡ್ಡ ಸೊಸೆಯೂ ಹೊತ್ತರೆ, ಅದಕ್ಕಿಂತ ದೊಡ್ಡ ಉಡುಗೊರೆ ಈ ಕೂಸಿಗೆ ಬೇರೆಯಿಲ್ಲ. ಹೋಗಲೇಬೇಕಾದ ದಿನ ಬಂದರೆ ಹೊರಡುವ ಮುಂಚೆ ಎದೆಹಾಲು ಹಿಂಡಿ, ಕುದಿಸಿ ತೊಳೆದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಲಿ. ತಂಪಿನ ದಿನ ನಾಲ್ಕು ತಾಸು ಇರುತ್ತದೆ, ಸೆಕೆಯಲ್ಲಿ ಅಷ್ಟು ಇರುವುದಿಲ್ಲ, ಫ್ರಿಜ್ಜಿನಲ್ಲಿಡಿ. ಮೀನಿನ ಐಸ್ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ. ಬಾಟಲಿ ಬೇಡ, ಚಮಚೆಯಿಂದ ಕುಡಿಸಿ. ಎಮ್ಮೆಹಾಲು ಬೆರೆಸಬೇಡಿ. ವಾಪಸ್ ಬಂದವಳು ಮೊಳಕೈವರೆಗೆ ಸೋಪು ಹಚ್ಚಿ ತೊಳೆದು, ಸೀರೆ ಬದಲಿಸಿ, ಆಮೇಲೆ ಹಾಲೂಡಿಸಲಿ. ಆರು ತಿಂಗಳಾದ ಮೇಲೆ ಕೂಸಿಗೂ ಮೀನು ಶುರು ಮಾಡಬಹುದು. ನಡುಮುಳ್ಳು ಬಿಟ್ಟರೆ ಮುಳ್ಳು ಕಡಿಮೆಯಿರುವ ಕೊರವ ಮೀನನ್ನು ಬೇಯಿಸಿ, ಬೆರಳಲ್ಲಿ ಹಿಸುಕಿ ಮುಳ್ಳು ನೋಡಿ, ತೊಗರಿಬೇಳೆ ಅನ್ನಕ್ಕೋ ಜೋಳದ ನುಚ್ಚಿಗೋ ಕಲಸಿ ಕೊಡಿ.

ಸೊಸೆ ಸುಮ್ಮಸುಮ್ಮನೆ ಅಳುತ್ತಿದ್ದರೆ, ಕೂಸು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ಎರಡು ವಾರದ ಮೇಲೂ ಹಾಗೇ ಇದ್ದರೆ ಸೋಮಾರಿತನ ಅನ್ನಬೇಡಿ, ಗಾಳಿಸೋಕು ಅನ್ನಬೇಡಿ. ಅದೊಂದು ಕಾಯಿಲೆ, ಗುಣವಾಗುತ್ತದೆ. ಡಾಕ್ಟರಿಗೆ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಪುಕ್ಕಟೆ ಮಾತಾಡುತ್ತಾರೆ.

ತವರಿನಿಂದ ಹೊರಡುವಾಗ ತಾಯಿ ಕಾರ್ಡ್ ಮರೆಯದೆ ತರಲು ಹೇಳಿ. ಕೂಸು ನಿಮ್ಮ ಮನೆಗೆ ಬರುವ ಹೊತ್ತಿಗೆ 14ನೇ ವಾರದ ಲಸಿಕೆ ಬಂದಿರುತ್ತದೆ. ಅದನ್ನು ಜೇವರ್ಗಿಗೇ ಹೋಗಿ ಹಾಕಿಸಬೇಕೆಂದಿಲ್ಲ, ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಹಾಕುತ್ತಾರೆ. ಬಂದ ವಾರವೇ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಅವರೂ ಮನೆಗೆ ಬಂದು ಕೂಸಿನ ತೂಕ ನೋಡುತ್ತಾರೆ.